ದುಡ್ಡು ಕಟ್ ಆಯ್ತು, ಅಂಗಡಿಗೆ ಬಂದಿಲ್ಲ: ಮಧ್ಯದಲ್ಲಿ ಏನಾಗುತ್ತೆ?

ಕ್ಯೂಆರ್ ಸ್ಕ್ಯಾನ್ ಮಾಡ್ತೀರಿ, ಪಿನ್ ಒತ್ತುತ್ತೀರಿ, ದುಡ್ಡು ಕಟ್ ಆದ ಮೆಸೇಜೂ ಬರುತ್ತೆ. ಅಂಗಡಿಯವರು ಮಾತ್ರ 'ಇನ್ನೂ ಬಂದಿಲ್ಲ' ಅಂತಾರೆ. ಹಾಗಾದ್ರೆ ದುಡ್ಡು ಎಲ್ಲಿದೆ?

2016ರಲ್ಲಿ ಶುರುವಾದ ಯುಪಿಐ ಒಂದೇ ದೊಡ್ಡ ಕಂಪ್ಯೂಟರ್ ಅಲ್ಲ. ನಿಮ್ಮ ಆಪ್, ಅದರ ಹಿಂದಿರುವ ಬ್ಯಾಂಕ್, ನಡುವೆ ಎನ್‌ಪಿಸಿಐ ಸ್ವಿಚ್, ನಿಮ್ಮ ಖಾತೆಯ ಬ್ಯಾಂಕ್, ಅಂಗಡಿಯವರ ಬ್ಯಾಂಕ್... ಒಂದೊಂದಕ್ಕೂ ಅದರದೇ ಸರ್ವರ್, ಅದರದೇ ಲೆಕ್ಕ. ಇದಕ್ಕೇ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ ಅನ್ನೋದು.

ನಾನು ಓದಿದ್ದು ಬಿಕಾಂ. ನಮ್ಮ ಲೆಡ್ಜರ್‌ನಲ್ಲಿ ಡೆಬಿಟ್ ಬರೆದ ಕೈಯೇ ಕ್ರೆಡಿಟ್ಟೂ ಬರೆಯುತ್ತೆ. ಇಲ್ಲಿ ಡೆಬಿಟ್ ಒಂದು ಬ್ಯಾಂಕಿನಲ್ಲಿ, ಕ್ರೆಡಿಟ್ ಇನ್ನೊಂದರಲ್ಲಿ. ಸ್ವಿಚ್ ಮೊದಲು ನಿಮ್ಮ ಬ್ಯಾಂಕಿಗೆ 'ಕಟ್ ಮಾಡು' ಅನ್ನುತ್ತೆ, ಆಮೇಲೆ ಅಂಗಡಿಯವರ ಬ್ಯಾಂಕಿಗೆ 'ಜಮಾ ಮಾಡು' ಅನ್ನುತ್ತೆ. 'ಆಗಲ್ಲ' ಅಂತ ಉತ್ತರ ಬಂದ್ರೆ ಸುಲಭ, ದುಡ್ಡು ವಾಪಸ್. ಕಷ್ಟ ಇರೋದು ಉತ್ತರವೇ ಬರದಿದ್ದಾಗ. ಜಮಾ ಆಗಿ ಉತ್ತರ ಮಾತ್ರ ಕಳೆದುಹೋಯ್ತಾ? ಅಥವಾ ಕೋರಿಕೆಯೇ ತಲುಪಲಿಲ್ವಾ? ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತೆ. ಆತುರಕ್ಕೆ ವಾಪಸ್ ಕೊಟ್ಟರೆ ಇಬ್ಬರಿಗೂ ದುಡ್ಡು ಹೋದೀತು. 'ಪೆಂಡಿಂಗ್' ಅಂದ್ರೆ 'ನಮಗಿನ್ನೂ ಗೊತ್ತಾಗಿಲ್ಲ' ಅಂತ, ಅಷ್ಟೇ.

ಬಿಡಿಸೋದು ಹೇಗೆ? ಪ್ರತಿ ವ್ಯವಹಾರಕ್ಕೂ ಬೇರೆ ಬೇರೆ ಐಡಿ ಇರುತ್ತೆ. ಅದನ್ನು ಹಿಡಿದು ಮತ್ತೆ ವಿಚಾರಿಸ್ತಾರೆ. ಆಗಲೂ ತಿಳಿಯದಿದ್ದರೆ ಬ್ಯಾಂಕುಗಳು ಪಟ್ಟಿ ಇಟ್ಟುಕೊಂಡು ತಾಳೆ ನೋಡ್ತವೆ. ಕಾಮರ್ಸ್‌ನವರಿಗೆ ಗೊತ್ತಿರೋ ರಿಕನ್ಸಿಲಿಯೇಷನ್ ಇದೇ!

ಒಂದೇ ಐಡಿ ಎರಡು ಸಲ ಬಂದ್ರೆ ಸಿಸ್ಟಮ್ ಗುರುತು ಹಿಡಿಯಬಹುದು. ಆದರೆ ನೀವು ಮತ್ತೆ ಸ್ಕ್ಯಾನ್ ಮಾಡಿದ್ರೆ ಹೊಸ ಐಡಿ ಹುಟ್ಟುತ್ತೆ. ಸಿಸ್ಟಮ್ ಲೆಕ್ಕದಲ್ಲಿ ಅದು ಹೊಸ ಪಾವತಿ. ಹಾಗಾಗಿ ಪೆಂಡಿಂಗ್ ಇದ್ದಾಗ ಸ್ವಲ್ಪ ತಡೀರಿ, ಆಪ್‌ನಲ್ಲಿ ಸ್ಟೇಟಸ್ ನೋಡಿ, 12 ಅಂಕಿಯ ರೆಫರೆನ್ಸ್ ನಂಬರ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ.

ಆರ್‌ಬಿಐ 2019ರ ಸೆಪ್ಟೆಂಬರ್‌ನಲ್ಲೇ ಇದಕ್ಕೆ ನಿಯಮ ಮಾಡಿದೆ. ವ್ಯಕ್ತಿಗೆ ಕಳಿಸಿದ ದುಡ್ಡು ಜಮಾ ಆಗದಿದ್ದರೆ ಮರುದಿನದೊಳಗೆ, ಅಂಗಡಿ ಪಾವತಿ ಖಚಿತವಾಗದಿದ್ದರೆ 5 ದಿನದೊಳಗೆ ತಾನಾಗೇ ವಾಪಸ್ ಬರಬೇಕು. ತಡವಾದ್ರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ನೀವು ಕೇಳದೇನೇ. ಬರಲಿಲ್ವಾ? ಆಪ್‌ನಲ್ಲಿ, ಬ್ಯಾಂಕಿನಲ್ಲಿ ದೂರು ಕೊಡಿ. 30 ದಿನ ಕಳೆದರೂ ಉತ್ತರ ಇಲ್ಲ ಅಂದ್ರೆ ಆರ್‌ಬಿಐ ಒಂಬುಡ್ಸ್‌ಮನ್ ಇದ್ದಾರೆ. ಆ ರೆಫರೆನ್ಸ್ ನಂಬರ್ ಅಲ್ಲೂ ಬೇಕಾಗುತ್ತೆ.

ಮುಂದಿನ ವಾರ ಸಿಗೋಣ.