ಸೋರುವ ಟ್ಯಾಪೆಟ್ ಕವರ್: ಹಳೆಯ ಜೀಪು ಇಟ್ಟುಕೊಂಡಿರುವ ಬೆಳೆಗಾರರಿಗೆ ಕೆಲವು ಮಾತು

ಜೀಪಿನ ಬಾನೆಟ್ಟು ಎತ್ತಿದೊಡನೆ ಎಂಜಿನ್ನಿನ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ತಗಡಿನ ಮುಚ್ಚಳ ಕಣ್ಣಿಗೆ ಬೀಳುತ್ತದೆ. ಕಂಪೆನಿಯ ಪುಸ್ತಕದಲ್ಲಿ ಇದಕ್ಕೆ ವಾಲ್ವ್ ಕವರ್, ರಾಕರ್ ಕವರ್ ಎಂಬ ಹೆಸರುಗಳಿವೆ. ಗ್ಯಾರೇಜಿನಲ್ಲಿ ಮಾತ್ರ ಟ್ಯಾಪೆಟ್ ಕವರ್ ಎಂದರೇ ಅರ್ಥವಾಗುವುದು. ಒಳಗಿನ ರಾಕರ್‌ಗಳಿಗೆ ಚಿಮ್ಮುವ ಎಣ್ಣೆ ಹೊರಗೆ ಬಾರದಂತೆ, ಹೊರಗಿನ ನೀರು ಧೂಳು ಒಳಗೆ ಹೋಗದಂತೆ ತಡೆಯುವುದಷ್ಟೇ ಇದರ ಕೆಲಸ. ಕೆಲಸ ಸಣ್ಣದೆಂದೇ ಏನೋ, ಇದು ಸೋರತೊಡಗಿದರೂ ನಮ್ಮವರು ಒಂದು ಚಿಂದಿ ಬಟ್ಟೆಯಿಂದ ಒರೆಸಿ ಸುಮ್ಮನಾಗುತ್ತಾರೆ.

ಲೆಕ್ಕ ಹಾಕಿ ನೋಡಿ. ಸುಮಾರು 20 ಹನಿ ಸೇರಿದರೆ ಒಂದು ಮಿಲಿಲೀಟರ್. ಮೂರು ಸೆಕೆಂಡಿಗೆ ಒಂದು ಹನಿ ಬೀಳುತ್ತಿದ್ದರೆ ಗಂಟೆಗೆ 60 ಮಿ.ಲೀ., ಹತ್ತು ಗಂಟೆ ಓಡಿದರೆ 600 ಮಿ.ಲೀ. ನಾಲ್ಕು ಲೀಟರಿನ ಆಸುಪಾಸು ಎಣ್ಣೆ ಹಿಡಿಯುವ ಎಂಜಿನ್ನಿಗೆ ಇದು ಸಣ್ಣ ನಷ್ಟವಲ್ಲ. ಅದಕ್ಕಿಂತ ಹೆಚ್ಚಿನ ಭಯ ಬೇರೆ ಇದೆ. ಸೋರಿದ ಎಣ್ಣೆ ಕಾದ ಎಕ್ಸಾಸ್ಟಿನ ಮೇಲೆ ಇಳಿದರೆ ಹೊಗೆಯೇಳುತ್ತದೆ, ಬೆಂಕಿ ಹತ್ತಲೂಬಹುದು. ಕವರಿನ ಒಳಮೈಯಿಂದ ಉದುರಿದ ತುಕ್ಕಿನ ಚಕ್ಕೆ ಎಣ್ಣೆಯಲ್ಲಿ ಬೆರೆತು ರಾಕರ್ ಬುಷ್‌ಗಳನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಪ್ಯಾಕಿಂಗ್ ಬದಲಿಸಿದ್ದರೆ ಮುಗಿಯುತ್ತಿದ್ದ ಕೆಲಸ ಆಗ ಎಂಜಿನ್ ಬಿಚ್ಚುವವರೆಗೆ ಹೋಗುತ್ತದೆ.

ತುಕ್ಕು ಎರಡು ಕಡೆಯಿಂದ ಹಿಡಿಯುತ್ತದೆ. ಹೊರಗಡೆ, ನಟ್ ಕೂರುವ ತಗ್ಗಿನಲ್ಲಿ ಮಳೆನೀರು ನಿಂತು ಬಣ್ಣ ಎದ್ದುಹೋಗುತ್ತದೆ. ತೋಟದ ಗಾಡಿಗೆ ಇದರ ಜೊತೆಗೆ ಪೊಟ್ಯಾಷ್ ಗೊಬ್ಬರದ ಪುಡಿ, ಮೈಲುತುತ್ತದ ನೀರು. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಲದಿದ್ದರೆ ಅದರಲ್ಲಿ ಅದ್ದಿದ ಚಾಕುವಿನ ಮೇಲೆ ತಾಮ್ರದ ಕೆಂಪು ಹತ್ತುವುದನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ತಾಮ್ರ ಕೂರುವಷ್ಟೂ ಕಬ್ಬಿಣ ಕರಗುತ್ತದೆ. ಅದೇ ನೀರು ಜೀಪಿನ ತಗಡಿನ ಮೇಲೆ ಚೆಲ್ಲಿದರೂ ಆಗುವುದು ಅದೇ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸದ ನಾವು, ಸೋರುವ ಡ್ರಮ್ಮನ್ನು ಜೀಪಿನಲ್ಲಿ ಹೇರಿಕೊಂಡು ಹೋಗುತ್ತೇವೆ!

ಒಳಗಡೆಯ ತುಕ್ಕಿಗೆ ಕಾರಣ ಬೇರೆ. ಕಪಿಲೆ, ಕಾವೇರಿಯ ದಂಡೆಯ ಊರುಗಳಲ್ಲಿ ಚಳಿಗಾಲದ ಬೆಳಿಗ್ಗೆ ಜೀಪು ಹೊರಟು, ತೋಟದಿಂದ ಪೇಟೆಗೆ ಎರಡು ಮೂರು ಮೈಲಿ ಓಡಿ, ಎಂಜಿನ್ ಸರಿಯಾಗಿ ಕಾಯುವ ಮೊದಲೇ ನಿಂತುಬಿಡುತ್ತದೆ. ಒಳಗಿನ ಆವಿ ತಣ್ಣನೆಯ ತಗಡಿಗೆ ತಾಗಿ ನೀರಾಗಿ ಇಳಿಯುತ್ತದೆ. ಎಣ್ಣೆ ತುಂಬುವ ಬಿರಡೆಯ ಅಡಿಯಲ್ಲಿ ಬೆಣ್ಣೆಯಂಥ ಬಿಳಿ ನೊರೆ ಕಂಡರೆ ಇದೇ ಸಂಗತಿ. ಗಾಬರಿ ಬೇಡ; ಆದರೆ ಡಿಪ್‌ಸ್ಟಿಕ್ಕಿನಲ್ಲೂ ಎಣ್ಣೆ ಹಾಲಿನಂತಾಗಿ, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ದೋಷ ಹೆಡ್ ಗ್ಯಾಸ್ಕೆಟ್ಟಿನದಿರಬಹುದು. ಆಗ ಮೆಕ್ಯಾನಿಕ್ಕಿಗೆ ತೋರಿಸುವುದೇ ಸರಿ.

ಎಲ್ಲಿ ಸೋರುತ್ತಿದೆ ಎಂದು ತಿಳಿಯದೆ ಸ್ಪ್ಯಾನರ್ ಹಿಡಿಯಬಾರದು. ತಣ್ಣಗಿರುವ ಎಂಜಿನ್ನನ್ನು ಸೀಮೆಎಣ್ಣೆ ಅಥವಾ ಡೀಸೆಲ್ಲಿನ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ, ಕವರಿನ ಸುತ್ತ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ. ಹತ್ತು ನಿಮಿಷ ನಿಂತಲ್ಲೇ ಓಡಿಸಿದರೆ ಎಣ್ಣೆ ಹೊರಟ ಜಾಗ ಗೆರೆ ಹೊಡೆದಂತೆ ಕಾಣುತ್ತದೆ. ಅಂಚಿನಿಂದ ಬಂದರೆ ಪ್ಯಾಕಿಂಗ್ ಅಥವಾ ಸೊಟ್ಟಗಾದ ಅಂಚು. ಮೈಯಿಂದಲೇ ಬಂದರೆ ತುಕ್ಕಿನ ತೂತು. ಸುತ್ತಲೂ ಒಸರುತ್ತಿದ್ದರೆ ಮೊದಲು ಬ್ರೀದರ್ ನೋಡಿ. ಅದು ಕಟ್ಟಿಕೊಂಡಿದ್ದರೆ ಒಳಗಿನ ಗಾಳಿಗೆ ದಾರಿಯಿಲ್ಲದೆ ಹೊಸ ಪ್ಯಾಕಿಂಗಿನಲ್ಲೂ ಎಣ್ಣೆಯನ್ನು ಹೊರಗೆ ದೂಡುತ್ತದೆ.

ಮಹೀಂದ್ರದವರು 1949ರಲ್ಲಿ ಬೊಂಬಾಯಿಯಲ್ಲಿ ವಿಲ್ಲೀಸ್ ಜೀಪು ಜೋಡಿಸತೊಡಗಿದರು. ಮುಂದೆ ಬಂದ ಹರಿಕೇನ್ ಪೆಟ್ರೋಲ್ ಎಂಜಿನ್ ಇನ್ನೂ ಉಳಿಸಿಕೊಂಡಿರುವವರು ಒಂದು ವಿಷಯ ಗಮನಿಸಬೇಕು. ಅದರಲ್ಲಿ ಒಳಗೆಳೆಯುವ ವಾಲ್ವು ಹೆಡ್ಡಿನಲ್ಲಿ, ಹೊಗೆ ಬಿಡುವ ವಾಲ್ವು ಬ್ಲಾಕಿನಲ್ಲಿ. ಹೀಗಾಗಿ ಮೇಲಿನ ಕವರಲ್ಲದೆ ಬ್ಲಾಕಿನ ಪಕ್ಕದಲ್ಲಿ, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕೆಳಗೆ, ಇನ್ನೊಂದು ಕವರ್ ಇದೆ. ಮೇಲಿನದನ್ನು ಮೂರು ಸಲ ಬಿಗಿದರೂ ಸೋರಿಕೆ ನಿಲ್ಲಲಿಲ್ಲವೆನ್ನುವವರು ಈ ಪಕ್ಕದ ಕವರನ್ನು ಇಣುಕಿ ನೋಡಬೇಕು.

ಬಿಚ್ಚುವ ಹಿಂದಿನ ರಾತ್ರಿ ತುಕ್ಕು ಹಿಡಿದ ನಟ್ಟುಗಳಿಗೆ ಸೀಮೆಎಣ್ಣೆ ಹಾಕಿಡಿ. ಅವಸರಪಟ್ಟು ಸ್ಟಡ್ ಮುರಿದರೆ ಕೆಲಸ ಹತ್ತರಷ್ಟಾಗುತ್ತದೆ. ಕವರ್ ಅಂಟಿಕೊಂಡಿದ್ದರೆ ಮರದ ಕೊಡತಿಯಿಂದ ಪಕ್ಕಕ್ಕೆ ಮೆಲ್ಲಗೆ ತಟ್ಟಬೇಕು. ಸ್ಕ್ರೂಡ್ರೈವರ್ ತೂರಿಸಿ ಮೀಟುವುದು ಬೇಡವೇ ಬೇಡ. ಕವರ್ ಎತ್ತಿದ ಕೂಡಲೇ ಹೆಡ್ಡಿನ ಮೇಲೆ ನೂಲು ಬಿಡದ ಶುಭ್ರ ಬಟ್ಟೆ ಹೊದಿಸಿ.

ಕವರನ್ನು ಡೀಸೆಲ್ಲಿನಲ್ಲಿ ತೊಳೆದು, ತಂತಿ ಬ್ರಷ್ಷಿನಿಂದ ತುಕ್ಕು ತೆಗೆಯಿರಿ. ಮರಳು ಹೊಡೆಸಿ ಸ್ವಚ್ಛ ಮಾಡಿಸಬಾರದು. ಅನೇಕ ಕವರುಗಳ ಒಳಗೆ ಎಣ್ಣೆಯ ತುಂತುರು ತಡೆಯಲು ಒಂದು ತಗಡು ಬೆಸೆದಿರುತ್ತದೆ. ಅದರ ಹಿಂದೆ ಸೇರಿದ ಮರಳು ತೊಳೆದರೂ ಹೋಗದೆ, ಮುಂದೊಂದು ದಿನ ಬೇರಿಂಗಿಗೆ ಇಳಿಯುತ್ತದೆ. ಕಾಸ್ಟಿಕ್ ಸೋಡ ಹಾಕುವುದಿದ್ದರೆ ತಗಡಿನ ಕವರಿಗೆ ಮಾತ್ರ. ಅಲ್ಯುಮಿನಿಯಂ ಕವರನ್ನು ಅದು ತಿಂದುಹಾಕುತ್ತದೆ, ಕೈ ಕಣ್ಣಿಗೂ ಅಪಾಯ.

ತೂತು ಹುಡುಕಲು ಹಳೆಯ ಉಪಾಯವೊಂದಿದೆ. ಕವರಿನ ಹೊರಮೈಗೆ ಸೀಮೆಸುಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ಬಳಿದು ಒಣಗಿಸಿ. ಕವರನ್ನು ಮಗುಚಿ ಒಳಗೆ ಸೀಮೆಎಣ್ಣೆ ಹುಯ್ದು ಅರ್ಧ ಗಂಟೆ ಬಿಡಿ. ಕಣ್ಣಿಗೆ ಕಾಣದ ತೂತೂ ಬಿಳಿಯ ಮೇಲೆ ಒದ್ದೆ ಚುಕ್ಕೆಯಾಗಿ ಹೊರಬೀಳುತ್ತದೆ.

ಸೂಜಿಮೊನೆಯ ತೂತುಗಳಿಗೆ ಪಾತ್ರೆ ಬೆಸೆಯುವವನ ಸೀಸದ ಬೆಸುಗೆಯೇ ಸಾಕು. ಸಾಮಾನ್ಯ ತವರ–ಸೀಸದ ಬೆಸುಗೆ ಕರಗಲು 183 ಡಿಗ್ರಿ ಸೆಂಟಿಗ್ರೇಡ್ ಬೇಕು. ಈ ಕವರ್ ಅಷ್ಟು ಕಾಯುವುದಿಲ್ಲ. ತಗಡು ಬೆಳ್ಳಗೆ ಹೊಳೆಯುವಂತೆ ಉಜ್ಜಿರಬೇಕು, ಅಷ್ಟೆ. ತೂತು ದೊಡ್ಡದಾಗಿದ್ದರೆ ತಗಡಿನ ತೇಪೆ ಇಟ್ಟು ಹಿತ್ತಾಳೆಯ ಗ್ಯಾಸ್ ಬೆಸುಗೆ ಮಾಡಿಸಿ. ಆಗ ಕವರಿನ ಅಂಚನ್ನು ದಪ್ಪ ಕಬ್ಬಿಣದ ಹಲಗೆಗೆ ಬಿಗಿದು ಹಿಡಿಯುವಂತೆ ವೆಲ್ಡರಿಗೆ ಹೇಳಿ. ಇಲ್ಲವಾದರೆ ಕಾವಿಗೆ ಅಂಚು ತಿರುಚಿಕೊಳ್ಳುತ್ತದೆ. ಎಂ-ಸೀಲ್ ಮೆತ್ತಿ ಓಡಿಸುವುದು ಊರು ಸೇರುವ ಮಟ್ಟಿಗೆ ಸರಿ, ನನ್ನ ಮಟ್ಟಿಗೆ ಅದು ರಿಪೇರಿಯಲ್ಲ. ತಗಡೇ ಹಪ್ಪಳದಂತಾಗಿದ್ದರೆ ಬೆಸುಗೆಗೆ ದುಡ್ಡು ಸುರಿಯದೆ ಮೈಸೂರಿನ ಗುಜರಿಯಲ್ಲೋ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಬೇರೆ ಕವರ್ ಹುಡುಕಿ. ಕೊಳ್ಳುವಾಗ ಹಳೆಯದನ್ನು ಕೈಯಲ್ಲೇ ಹಿಡಿದು ಹೋಗಿ, ತೂತಿಗೆ ತೂತು ಹೊಂದಿಸಿ ನೋಡಿ.

ಇನ್ನು ಅಂಚು. ಸೋರಿಕೆ ಕಂಡಾಗಲೆಲ್ಲ ನಟ್ಟನ್ನು ಇನ್ನೊಂದು ಸುತ್ತು ತಿರುಗಿಸಿ ತಿರುಗಿಸಿ ಬೋಲ್ಟಿನ ತೂತಿನ ಸುತ್ತ ತಗಡು ಕುಳಿ ಬಿದ್ದಿರುತ್ತದೆ, ನಡುವೆ ಕಮಾನಿನಂತೆ ಎದ್ದಿರುತ್ತದೆ. ದಪ್ಪ ಗಾಜಿನ ಮೇಲೆ ಕವರನ್ನು ಬೋರಲಿಟ್ಟು ಬೆಳಕಿಗೆ ಹಿಡಿದರೆ ಸಂದು ಕಾಣುತ್ತದೆ. ಮರದ ದಿಮ್ಮಿಯ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಆ ಕುಳಿಗಳನ್ನು ತಟ್ಟಿ ಮಟ್ಟ ಮಾಡಿ. ಇಷ್ಟನ್ನು ಮಾಡದೆ ಹಾಕಿದ ಹೊಸ ಪ್ಯಾಕಿಂಗ್ ದಂಡ.

ಬಣ್ಣ ಹೊರಗೆ ಮಾತ್ರ ಹಚ್ಚಿ. ಒಳಗೆ ಹಚ್ಚಿದರೆ ಅದೂ ಒಂದು ದಿನ ಚಕ್ಕೆಯಾಗಿ ಎಣ್ಣೆಗೆ ಬೀಳುತ್ತದೆ. ಕಾರ್ಕ್ ಪ್ಯಾಕಿಂಗ್ ಅಂಗಡಿಯಲ್ಲಿ ಬಹುಕಾಲ ಇದ್ದು ಒಣಗಿ ಕುಗ್ಗಿದ್ದರೆ ಸ್ವಲ್ಪ ಹೊತ್ತು ಉಗುರುಬೆಚ್ಚನೆಯ ನೀರಿನಲ್ಲಿಡಿ, ಅಳತೆಗೆ ಬರುತ್ತದೆ; ನೀರು ಒರೆಸಿ ಕೂರಿಸಿ. ಅಂಟನ್ನು ಕವರಿನ ಕಡೆಗೆ ಮಾತ್ರ ಹಚ್ಚಬೇಕು. ಹೆಡ್ಡಿನ ಕಡೆಗೆ ತೆಳುವಾಗಿ ಗ್ರೀಸ್ ಸವರಿದರೆ ಮುಂದಿನ ಸಲ ಹರಿಯದೆ ಬಿಡುತ್ತದೆ. ಈಗಿನವರು ಸಿಲಿಕೋನ್ ಅಂಟನ್ನು ದೋಸೆಗೆ ಚಟ್ನಿ ಹಚ್ಚಿದಂತೆ ಹಚ್ಚುತ್ತಾರೆ. ಹೆಚ್ಚಾದದ್ದು ಒಳಗೆ ಉದುರಿ ಎಣ್ಣೆ ಪಂಪಿನ ಜಾಲರಿಗೆ ಕಟ್ಟಿಕೊಂಡರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ.

ಮುಚ್ಚುವ ಮೊದಲು ಟ್ಯಾಪೆಟ್ ಸಂದನ್ನು ಕಂಪೆನಿ ಹೇಳಿದ ಅಳತೆಗೆ ಇಡಿಸಿಬಿಡಿ, ಹೇಗೂ ಬಿಚ್ಚಿದ್ದೀರಿ. ನಟ್ಟುಗಳನ್ನು ನಡುವಿನಿಂದ ತುದಿಗಳ ಕಡೆಗೆ, ಒಂದೊಂದಕ್ಕೂ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಚಿಕ್ಕ ಸ್ಪ್ಯಾನರ್ ಸಾಕು, ಅದಕ್ಕೆ ಪೈಪು ತೂರಿಸುವ ಕೆಲಸವಲ್ಲ ಇದು. ಕಾರ್ಕ್ ಅಂಚಿನಿಂದ ಹೊರಗೆ ಉಬ್ಬತೊಡಗಿದರೆ ಬಿಗಿ ಹೆಚ್ಚಾಯಿತೆಂದೇ ಅರ್ಥ.

ನದಿ ದಂಡೆಯ ಡೀಸೆಲ್ ಪಂಪ್‌ಸೆಟ್ಟುಗಳಿಗೂ ಈ ಮಾತುಗಳಲ್ಲಿ ಬಹುಪಾಲು ಸಲ್ಲುತ್ತವೆ. 2019ರ ಆಗಸ್ಟಿನಲ್ಲಿ ಕಬಿನಿ ಜಲಾಶಯದಿಂದ ಬಿಟ್ಟ ನೀರಿಗೆ ನಂಜನಗೂಡಿನ ಬಳಿ ಊಟಿ ರಸ್ತೆಯೇ ಮುಳುಗಿತ್ತು. ಅಂಥ ನೀರು ಹೊಕ್ಕ ಎಂಜಿನ್ನನ್ನು ನೀರು ಇಳಿದೊಡನೆ ಹ್ಯಾಂಡಲ್ ಹಾಕಿ ತಿರುಗಿಸಬಾರದು. ಮೊದಲು ಎಣ್ಣೆ ಇಳಿಸಿ, ಟ್ಯಾಪೆಟ್ ಕವರ್ ತೆಗೆದು ಕೆಸರು ತೊಳೆದು, ಸ್ಪ್ರಿಂಗು ರಾಕರುಗಳಿಗೆ ಹೊಸ ಎಣ್ಣೆ ಹುಯ್ದು, ನಂತರ ಮೆಕ್ಯಾನಿಕ್ಕನ್ನು ಕರೆಯಿರಿ. ಒಂದು ವಾರ ಹಾಗೆಯೇ ಬಿಟ್ಟರೆ ಸ್ಪ್ರಿಂಗುಗಳಿಗೆ ತುಕ್ಕು ಹತ್ತಿರುತ್ತದೆ.

ಕವರ್ ಹಾಕಿದ ಮೇಲೆ ಎಂಜಿನ್ ಚೆನ್ನಾಗಿ ಕಾಯುವಷ್ಟು ಓಡಿಸಿ, ಪೂರ್ತಿ ತಣ್ಣಗಾದ ಬಳಿಕ ನಟ್ಟುಗಳನ್ನು ಒಮ್ಮೆ ಮುಟ್ಟಿ ನೋಡಿ. ಹೊಸ ಕಾರ್ಕ್ ಸ್ವಲ್ಪ ಕೂತಿರುತ್ತದೆ. ಕಾಲು ಸುತ್ತು ತೆಗೆದುಕೊಂಡರೆ ಕೊಡಿ, ಇಲ್ಲದಿದ್ದರೆ ಬಿಡಿ. ಪ್ಯಾಕಿಂಗ್ ತರುವಾಗ ಎರಡು ತಂದು, ಒಂದನ್ನು ಹಲಗೆಗೆ ಕಟ್ಟಿ ಮಡಿಕೆ ಬೀಳದಂತೆ ಅಟ್ಟದ ಮೇಲಿಡಿ.