ಹಳೆಯ ಐಮ್ಯಾಕ್ ಗಣಕಯಂತ್ರದ ಒಳಭಾಗಗಳ ನವೀಕರಣ

ಐಮ್ಯಾಕ್ ಎಂಬುದು ಅಮೆರಿಕದ ಆಪಲ್ ಸಂಸ್ಥೆಯು 1998ರಿಂದ ತಯಾರಿಸುತ್ತಿರುವ ಮೇಜುಗಣಕ. ಪರದೆ, ಮದರ್‌ಬೋರ್ಡ್, ಹಾರ್ಡ್ ಡಿಸ್ಕ್, ವಿದ್ಯುತ್ ಪೂರೈಕೆಯ ಘಟಕ ಇವೆಲ್ಲವೂ ಒಂದೇ ಕವಚದೊಳಗೆ ಅಡಕವಾಗಿರುವುದರಿಂದ ಇದನ್ನು ‘ಆಲ್-ಇನ್-ಒನ್’ ವರ್ಗಕ್ಕೆ ಸೇರಿಸಲಾಗುತ್ತದೆ. ಸಾಮಾನ್ಯ ಮೇಜುಗಣಕದಲ್ಲಿ ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದರೆ ಎಲ್ಲ ಭಾಗಗಳೂ ಕೈಗೆಟಕುತ್ತವೆ. ಐಮ್ಯಾಕ್‌ನ ಬಹುತೇಕ ಮಾದರಿಗಳಲ್ಲಿ ಒಳಹೋಗುವ ದಾರಿ ಇರುವುದು ಪರದೆಯ ಮೂಲಕವೇ. ಹೀಗಾಗಿ ಹಳೆಯ ಐಮ್ಯಾಕ್‌ನಲ್ಲಿ ಯಾವುದನ್ನು ಬದಲಿಸಬಹುದು ಎಂಬುದನ್ನು ಬಿಡಿಭಾಗದ ಬೆಲೆಗಿಂತ ಹೆಚ್ಚಾಗಿ ಕವಚವು ತೆರೆದುಕೊಳ್ಳುವ ಬಗೆಯೇ ನಿರ್ಧರಿಸುತ್ತದೆ. ಇಲ್ಲಿರುವ ವಿವರಗಳು 2007ರಿಂದ 2020ರವರೆಗಿನ, ಇಂಟೆಲ್ ಪ್ರೊಸೆಸರ್ ಇರುವ ಅಲ್ಯೂಮಿನಿಯಂ ಕವಚದ ಮಾದರಿಗಳಿಗೆ ಸಂಬಂಧಿಸಿದವು.

ಮಾದರಿಯ ಗುರುತು

ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವ ಎರಡು ಐಮ್ಯಾಕ್‌ಗಳ ಒಳರಚನೆ ಬೇರೆಬೇರೆಯಾಗಿರಬಹುದು. ಪರದೆಯ ಮೇಲ್ತುದಿಯ ಎಡಮೂಲೆಯಲ್ಲಿರುವ ಆಪಲ್ ಚಿಹ್ನೆಯನ್ನು ಒತ್ತಿ ‘ಅಬೌಟ್ ದಿಸ್ ಮ್ಯಾಕ್’ ಎಂಬುದನ್ನು ಆರಿಸಿದರೆ ‘ಮಿಡ್ 2011’, ‘ಲೇಟ್ 2012’ ಎಂಬಂತೆ ಮಾದರಿಯ ಕಾಲ ತಿಳಿಯುತ್ತದೆ. ಬಿಡಿಭಾಗ ಕೊಳ್ಳುವ ಮುನ್ನ ಈ ಕಾಲವನ್ನೂ ಪರದೆಯ ಅಳತೆಯನ್ನೂ ಖಚಿತಪಡಿಸಿಕೊಳ್ಳುವುದು ಅಗತ್ಯ.

ಸ್ಥೂಲವಾಗಿ ಎರಡು ಪೀಳಿಗೆಗಳನ್ನು ಗುರುತಿಸಬಹುದು. 2007ರಿಂದ 2011ರವರೆಗಿನ ಮಾದರಿಗಳಲ್ಲಿ ಮುಂಭಾಗದ ಗಾಜು ಅಯಸ್ಕಾಂತಗಳ ಬಲದಿಂದ ನಿಂತಿರುತ್ತದೆ. 2012ರ ಕೊನೆಯಲ್ಲಿ ಬಂದ ತೆಳುವಾದ ಮಾದರಿಯಿಂದ ಮೊದಲ್ಗೊಂಡು ಗಾಜು ಮತ್ತು ಪರದೆ ಒಂದೇ ಹಲಗೆಯಾಗಿ ಬೆಸೆದುಕೊಂಡಿದ್ದು, ಅದನ್ನು ಕವಚಕ್ಕೆ ಅಂಟುಪಟ್ಟಿಯಿಂದ ಅಂಟಿಸಲಾಗಿದೆ. 2004ರ ಐಮ್ಯಾಕ್ ಜಿ5 ಮಾದರಿಯ ಹಿಂಬದಿಯ ಮುಚ್ಚಳವನ್ನು ಮೂರು ಸ್ಕ್ರೂ ಸಡಿಲಿಸಿ ಮಾಲೀಕರೇ ತೆರೆಯಬಹುದಾಗಿತ್ತು ಎಂಬುದನ್ನು ನೆನೆದರೆ, ವಿನ್ಯಾಸವು ತೆಳುವಾದಷ್ಟೂ ದುರಸ್ತಿ ದೂರವಾಯಿತು ಎನ್ನದೆ ವಿಧಿಯಿಲ್ಲ.

ರ‍್ಯಾಮ್

ಎಲ್ಲಕ್ಕಿಂತ ಸುಲಭವೂ ಅಪಾಯರಹಿತವೂ ಆದ ನವೀಕರಣವಿದು. 2009ರ ಕೊನೆಯಿಂದ 2011ರವರೆಗಿನ ಮಾದರಿಗಳಲ್ಲಿ ಕವಚದ ಕೆಳ ಅಂಚಿನಲ್ಲಿ ಚಿಕ್ಕ ಮುಚ್ಚಳವೊಂದಿದ್ದು, ಅದರ ಸ್ಕ್ರೂಗಳನ್ನು ಬಿಚ್ಚಿದರೆ ನಾಲ್ಕು ಸ್ಲಾಟ್‌ಗಳು ಕಾಣುತ್ತವೆ. ಇವುಗಳಲ್ಲಿ ಲ್ಯಾಪ್‌ಟಾಪ್‌ಗಳಲ್ಲಿ ಬಳಸುವ ಅಳತೆಯ ಡಿಡಿಆರ್3 ರ‍್ಯಾಮ್ ಕೂರುತ್ತದೆ. 2011ರ ಮಾದರಿಗೆ ಸಂಸ್ಥೆಯು ಹೇಳುವ ಗರಿಷ್ಠ ಮಿತಿ 16 ಜಿಬಿಯಾದರೂ 32 ಜಿಬಿ ಅಳವಡಿಸಿದಾಗಲೂ ಅದು ಕೆಲಸ ಮಾಡುತ್ತದೆ.

2012ರ ಅನಂತರ 27 ಅಂಗುಲದ ಮಾದರಿಗಳಿಗೆ ಮಾತ್ರ ಈ ಅನುಕೂಲ ಉಳಿಯಿತು. ಹಿಂಬದಿಯಲ್ಲಿ ವಿದ್ಯುತ್ ತಂತಿ ಸಿಕ್ಕಿಸುವ ಗುಳಿಯೊಳಗೆ ಒಂದು ಗುಂಡಿಯಿದೆ. ತಂತಿಯನ್ನು ತೆಗೆದು ಅದನ್ನು ಒತ್ತಿದರೆ ರ‍್ಯಾಮ್‌ನ ಮುಚ್ಚಳ ತೆರೆಯುತ್ತದೆ. 2012ರಿಂದ 2015ರವರೆಗಿನವಕ್ಕೆ ಡಿಡಿಆರ್3, 2017ರಿಂದ ಮುಂದಿನವಕ್ಕೆ ಡಿಡಿಆರ್4 ಬೇಕು. ಒಂದರ ಸ್ಲಾಟ್‌ನಲ್ಲಿ ಮತ್ತೊಂದು ಕೂರದು. 21.5 ಅಂಗುಲದವುಗಳಲ್ಲಿ ಇಂತಹ ಮುಚ್ಚಳವಿಲ್ಲ. 2015ರ ಕೊನೆಯ 21.5 ಅಂಗುಲದ ಮಾದರಿಯಲ್ಲಂತೂ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುವುದರಿಂದ ಹೆಚ್ಚಿಸುವ ಪ್ರಶ್ನೆಯೇ ಬಾರದು. ಬಳಸಿದ ಐಮ್ಯಾಕ್ ಕೊಳ್ಳುವವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯಿದು.

ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ

ಹಳೆಯ ಐಮ್ಯಾಕ್ ನಿಧಾನವಾಗಲು ಬಹುಪಾಲು ಕಾರಣ ಅದರ ಪ್ರೊಸೆಸರ್ ಅಲ್ಲ, ತಿರುಗುವ ಹಾರ್ಡ್ ಡಿಸ್ಕ್. ಡಿಸ್ಕಿನ ಮೇಲೆ ಚದುರಿರುವ ಸಣ್ಣ ಸಣ್ಣ ಕಡತಗಳನ್ನು ಓದಲು ಅದರ ಓದುತಲೆಯು ಪ್ರತಿ ಬಾರಿಯೂ ಸ್ಥಳದಿಂದ ಸ್ಥಳಕ್ಕೆ ಚಲಿಸಬೇಕು. ಚಲಿಸುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಈ ಕಾಯುವಿಕೆ ಇಲ್ಲ. ರ‍್ಯಾಮ್ ಎಷ್ಟೇ ಹೆಚ್ಚಿಸಿದರೂ ದೊರೆಯದ ಚುರುಕು ಈ ಒಂದು ಬದಲಾವಣೆಯಿಂದ ದೊರೆಯುತ್ತದೆ.

2009ರ ಕೊನೆಯಿಂದ 2011ರವರೆಗಿನ ಮಾದರಿಗಳಲ್ಲಿ ಗಾಜನ್ನು ರಬ್ಬರ್ ಹೀರುಬಟ್ಟಲುಗಳಿಂದ ಮೇಲೆತ್ತಿ, ಟಿ10 ಅಳತೆಯ ನಕ್ಷತ್ರಾಕಾರದ ಟಾರ್ಕ್ಸ್ ಸ್ಕ್ರೂಗಳನ್ನು ಬಿಚ್ಚಿದರೆ ಪರದೆ ಸಡಿಲವಾಗುತ್ತದೆ. ಅದನ್ನು ಒಮ್ಮೆಲೇ ಎಳೆಯಬಾರದು. ಹಿಂದೆ ಬೋರ್ಡಿಗೆ ಸೇರಿದ ಸೂಕ್ಷ್ಮ ತಂತಿಗಳಿದ್ದು, ಅವುಗಳನ್ನು ಒಂದೊಂದಾಗಿ ಬಿಡಿಸಬೇಕು. 3.5 ಅಂಗುಲದ ಡಿಸ್ಕಿನ ಜಾಗದಲ್ಲಿ 2.5 ಅಂಗುಲದ ಎಸ್‌ಎಸ್‌ಡಿಯನ್ನು ನಿಲ್ಲಿಸಲು ಹೊಂದಾಣಿಕೆಯ ಚೌಕಟ್ಟು ಬೇಕಾಗುತ್ತದೆ.

ಅನೇಕರು ಕಂಗೆಡುವುದು ಇದರ ನಂತರದ ಹಂತದಲ್ಲಿ. ಈ ಪೀಳಿಗೆಯಲ್ಲಿ ಗಣಕವು ಡಿಸ್ಕಿನ ಉಷ್ಣತೆಯನ್ನು ಅಳೆದು ಫ್ಯಾನಿನ ವೇಗವನ್ನು ನಿಯಂತ್ರಿಸುತ್ತದೆ. 2011ರ ಮಾದರಿಯಲ್ಲಿ ಈ ಮಾಹಿತಿ ಮೂಲ ಡಿಸ್ಕಿನ ವಿಶೇಷ ಫರ್ಮ್‌ವೇರ್ ಮೂಲಕ ಬರುತ್ತದೆ. ಹೊಸ ಎಸ್‌ಎಸ್‌ಡಿಯಿಂದ ಉತ್ತರ ಬಾರದಿದ್ದಾಗ ಗಣಕವು ಅಪಾಯವೆಂದೇ ಬಗೆದು ಫ್ಯಾನನ್ನು ಪೂರ್ಣ ವೇಗದಲ್ಲಿ ಓಡಿಸತೊಡಗುತ್ತದೆ. ಉಷ್ಣಸಂವೇದಕವಿರುವ ಪ್ರತ್ಯೇಕ ಕೇಬಲ್ ಅಥವಾ ಫ್ಯಾನ್ ನಿಯಂತ್ರಿಸುವ ತಂತ್ರಾಂಶ ಇದಕ್ಕೆ ಪರಿಹಾರ. ಮೂಲ ಡಿಸ್ಕನ್ನು ಮುಟ್ಟದೆ, ಡಿವಿಡಿ ಡ್ರೈವ್ ಇರುವ ಜಾಗದಲ್ಲಿ ಎಸ್‌ಎಸ್‌ಡಿ ಕೂರಿಸಿದರೆ ಈ ತೊಡಕೇ ಎದುರಾಗದು.

2012ರ ಅನಂತರದ ಮಾದರಿಗಳಲ್ಲಿ ತೆಳುವಾದ ಪ್ಲಾಸ್ಟಿಕ್ ಚಕ್ರವನ್ನು ಅಂಚಿನ ಸಂದಿನಲ್ಲಿ ಓಡಿಸಿ ಅಂಟನ್ನು ಕತ್ತರಿಸಬೇಕು. ಮೇಲಂಚಿನ ನಡುವೆ ಕ್ಯಾಮೆರಾ ಇರುವುದರಿಂದ ಅಲ್ಲಿ ಆಳಕ್ಕೆ ಹೋಗಬಾರದು. ಹಳೆಯ ಅಂಟುಪಟ್ಟಿ ಮರುಬಳಕೆಗೆ ಬಾರದು. ಆಯಾ ಮಾದರಿಗೆ ಕತ್ತರಿಸಿದ ಹೊಸ ಪಟ್ಟಿಗಳು ಬೇಕು. ಪರದೆ ಬಿರುಕುಬಿಟ್ಟರೆ ಇಡೀ ಹಲಗೆಯನ್ನೇ ಬದಲಿಸಬೇಕಾಗುತ್ತದೆ. ಆ ವೆಚ್ಚವು ಹಳೆಯ ಗಣಕದ ಬೆಲೆಯನ್ನೇ ಮೀರಬಹುದು.

ಈ ಪೀಳಿಗೆಯವರಿಗೆ ಸುಲಭವಾದ ಇನ್ನೊಂದು ಮಾರ್ಗವುಂಟು. 2012ರ ಕೊನೆಯ ಮಾದರಿಯಿಂದ ಯುಎಸ್‌ಬಿ 3.0 ಸೌಲಭ್ಯವಿದೆ. ಹೊರಗಿನ ಎಸ್‌ಎಸ್‌ಡಿಯನ್ನು ಆ ಕಿಂಡಿಗೆ ಜೋಡಿಸಿ, ಕಾರ್ಯಾಚರಣ ವ್ಯವಸ್ಥೆಯನ್ನು ಅದರಲ್ಲಿಯೇ ಸ್ಥಾಪಿಸಿ, ‘ಸ್ಟಾರ್ಟ್‌ಅಪ್ ಡಿಸ್ಕ್’ ಆಗಿ ಆರಿಸಿದರೆ ಪರದೆಯನ್ನು ಮುಟ್ಟದೆಯೇ ವೇಗದ ಹೆಚ್ಚಿನ ಪಾಲು ದಕ್ಕುತ್ತದೆ. ನೋಟಕ್ಕೆ ಅಷ್ಟು ಅಂದವಲ್ಲದಿದ್ದರೂ ಮನೆಬಳಕೆಗೆ ಇದೇ ವಿವೇಕದ ಆಯ್ಕೆ. 2011 ಮತ್ತು ಅದಕ್ಕೂ ಹಿಂದಿನವುಗಳಲ್ಲಿ ಇರುವುದು ಯುಎಸ್‌ಬಿ 2.0 ಆದ್ದರಿಂದ ಅಲ್ಲಿ ಈ ಉಪಾಯ ಅಷ್ಟು ಫಲ ಕೊಡದು.

ಪ್ರೊಸೆಸರ್ ಮತ್ತು ಗ್ರಾಫಿಕ್ಸ್

ಕೆಲವು ಮಾದರಿಗಳಲ್ಲಿ ಪ್ರೊಸೆಸರ್ ಕಳಚಿ ಬದಲಿಸುವಂತಿದೆ. 2009ರಿಂದ 2011ರವರೆಗಿನ ಹಲವು ಮಾದರಿಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಕೂಡ ಪ್ರತ್ಯೇಕವಾಗಿದೆ. ಆದರೆ ಇದಕ್ಕೆ ಮದರ್‌ಬೋರ್ಡನ್ನೇ ಹೊರತೆಗೆಯಬೇಕು. ಶ್ರಮಕ್ಕೆ ತಕ್ಕ ಪ್ರಯೋಜನ ವಿರಳ.

ಸುರಕ್ಷತೆ

ಕೆಲಸಕ್ಕೆ ಮೊದಲು ಟೈಮ್ ಮೆಷಿನ್ ಮೂಲಕ ಎಲ್ಲ ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಡಬೇಕು. ವಿದ್ಯುತ್ ಪೂರೈಕೆಯ ಫಲಕವು ಕವಚದೊಳಗೆ ತೆರೆದ ಸ್ಥಿತಿಯಲ್ಲಿರುತ್ತದೆ. ತಂತಿ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದಾದ್ದರಿಂದ ಆ ಫಲಕವನ್ನು ಮುಟ್ಟಲೇಬಾರದು. ಮಕ್ಕಳು ಹಿರಿಯರಿಲ್ಲದೆ ಈ ಕೆಲಸಕ್ಕೆ ಕೈಹಾಕುವುದು ಸಲ್ಲದು.

ತಂತ್ರಾಂಶದ ಮಿತಿ

ಒಳಭಾಗಗಳನ್ನು ಎಷ್ಟೇ ಬದಲಿಸಿದರೂ ಗಣಕದ ವಯಸ್ಸು ತಂತ್ರಾಂಶದ ಕಡೆಯಿಂದ ಎದುರಾಗುತ್ತದೆ. 2009ರ ಕೊನೆಯಿಂದ 2011ರವರೆಗಿನ ಮಾದರಿಗಳಿಗೆ ಅಧಿಕೃತವಾಗಿ ದೊರೆಯುವ ಕೊನೆಯ ಆವೃತ್ತಿ 2017ರ ಹೈ ಸಿಯೆರಾ, 2012 ಮತ್ತು 2013ರವಕ್ಕೆ ಕ್ಯಾಟಲಿನಾ, 2017ರವಕ್ಕೆ ವೆಂಚುರಾ. ಭದ್ರತಾ ಪರಿಷ್ಕರಣೆ ನಿಂತ ಆವೃತ್ತಿಯಲ್ಲಿ ಬ್ಯಾಂಕ್ ವ್ಯವಹಾರ ನಡೆಸುವುದು ಸೂಕ್ತವಲ್ಲ. ‘ಓಪನ್‌ಕೋರ್ ಲೆಗಸಿ ಪ್ಯಾಚರ್’ ಎಂಬ ಸ್ವಯಂಸೇವಕರ ಉಚಿತ ತಂತ್ರಾಂಶದಿಂದ ಮುಂದಿನ ಆವೃತ್ತಿಗಳನ್ನು ಸ್ಥಾಪಿಸಬಹುದಾದರೂ ಆಪಲ್ ಇದಕ್ಕೆ ಬೆಂಬಲ ನೀಡುವುದಿಲ್ಲ. ಬರವಣಿಗೆ, ಅಂತರಜಾಲ ವೀಕ್ಷಣೆ, ಪಾಠದ ವೀಡಿಯೊಗಳಷ್ಟೇ ಸಾಕೆನ್ನುವವರು ಲಿನಕ್ಸ್ ಅಳವಡಿಸಿಕೊಳ್ಳಬಹುದು. 27 ಅಂಗುಲದ ಪರದೆ ಚೆನ್ನಾಗಿದ್ದು, 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರುವ 2011ರ ಐಮ್ಯಾಕ್ ಕೂಡ ಈ ಕೆಲಸಗಳಿಗೆ ಸಾಲುತ್ತದೆ.