ಮೇಲ್ ಬರ್ತಿದೆ ಅಂದ್ರೆ ಮೇಲ್ ತಲುಪ್ತಿದೆ ಅಂತಲ್ಲ: ಸ್ವಂತ ಡೊಮೈನ್‌ಗೆ ಡಿಎನ್‌ಎಸ್ ಹೊಂದಿಸೋದು ಹೇಗೆ?

ಹಿಂಜವಡಿ, ಖರಾಡಿ, ಮಗರಪಟ್ಟಾ ಕಡೆ ಐಟಿ ಕೆಲಸ ಮಾಡೋ ನಮ್ಮ ಕನ್ನಡದವರಿಗೆ ಪುಣೆಯಲ್ಲಿ ಎರಡನೇ ನೌಕರಿ ಒಂದು ಇದ್ದೇ ಇರುತ್ತೆ. ಸಂಬಳ ಇಲ್ಲದ ನೌಕರಿ. ಊರಲ್ಲಿರೋ ಮಾವನ ಅಂಗಡಿ, ಪಕ್ಕದ ಸೊಸೈಟಿಯ ಕಾಕಾ ಅವರ ವರ್ಕ್‌ಶಾಪ್, ಗೆಳತಿಯ ಬೇಕರಿ, ಯಾರ ಇಮೇಲ್ ಕೆಟ್ಟರೂ ಫೋನ್ ಬರೋದು ನಮಗೇ. "ತಮ್ಮಾ, ನೀ ಐಟಿಯಾಗ ಅದಿ, ಇದೊಂದೀಟು ನೋಡಪಾ." ನಾವು ಬರೆಯೋದು ಜಾವಾ ಇರಬಹುದು, ಮಾಡೋದು ಟೆಸ್ಟಿಂಗ್ ಇರಬಹುದು. ಅವರಿಗೆ ಎಲ್ಲಾ ಒಂದೇ.

ಹೀಗೆ ಕೇಳುವವರಿಗೆ ಏನು ಮಾಡಿಕೊಡಬೇಕು ಅನ್ನೋದೇ ಈ ಸಲದ ವಿಡಿಯೋ. ಕೆಲಸ ಮಾಡುವಾಗ ಪಕ್ಕದಲ್ಲಿ ತೆರೆದಿಟ್ಟುಕೊಳ್ಳೋಕೆ ಅನುಕೂಲ ಆಗಲಿ ಅಂತ ಅದನ್ನೇ ಇಲ್ಲಿ ಬರಹದಲ್ಲಿ ಕೊಡ್ತಿದ್ದೇನೆ. ಇಡೀ ವಿಷಯದಲ್ಲಿ ನೆನಪಿಡಬೇಕಾದ್ದು ಒಂದೇ ಮಾತು: ನಮಗೆ ಮೇಲ್ ಬರೋ ದಾರಿ ಬೇರೆ, ನಾವು ಕಳಿಸಿದ ಮೇಲನ್ನ ಬೇರೆಯವರು ನಂಬೋದು ಬೇರೆ. ಎರಡಕ್ಕೂ ಡಿಎನ್‌ಎಸ್‌ನಲ್ಲಿ ಪ್ರತ್ಯೇಕ ದಾಖಲೆಗಳಿವೆ. ಬಹಳ ಜನ ಮೊದಲನೇದು ಮುಗಿಸಿ "ಆಯ್ತು" ಅಂತ ಎದ್ದುಬಿಡ್ತಾರೆ.

ನಂಬಿಕೆಯ ಪ್ರಶ್ನೆ ಯಾಕೆ ಬಂತು?

ಡಿಎನ್‌ಎಸ್ ಅನ್ನ ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ರೂಪಿಸಿದರು. ಹೆಸರು ಕೊಟ್ಟರೆ ವಿಳಾಸ ಹೇಳೋ ವ್ಯವಸ್ಥೆ ಅದು. ಒಂದು ಡೊಮೈನ್‌ನ ಅಂಚೆ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳೋ ಎಂಎಕ್ಸ್ ದಾಖಲೆ 1986ರ ಹೊತ್ತಿಗೆ ಬಂತು. ಆದರೆ ಮೇಲ್ ಸಾಗಿಸೋ ಎಸ್‌ಎಂಟಿಪಿ ನಿಯಮ 1982ರದ್ದು. ಅದರಲ್ಲಿ ಕಳಿಸುವವರು ಯಾರು ಅಂತ ಪರೀಕ್ಷೆ ಮಾಡೋ ಏರ್ಪಾಡೇ ಇರಲಿಲ್ಲ. ಲಕೋಟೆಯ ಹಿಂದೆ ಯಾರ ಹೆಸರು ಬೇಕಾದರೂ ಬರೆಯಬಹುದಲ್ಲ, ಹಾಗೆ.

ಈ ತೂತು ಮುಚ್ಚೋಕೆ ಆಮೇಲೆ ಮೂರು ತೇಪೆ ಬಂದವು. ಎಸ್‌ಪಿಎಫ್ ಅಂದ್ರೆ ನಮ್ಮ ಹೆಸರಲ್ಲಿ ಮೇಲ್ ಕಳಿಸೋಕೆ ಅನುಮತಿ ಇರೋ ಸರ್ವರ್‌ಗಳ ಪಟ್ಟಿ, ಸೊಸೈಟಿ ಗೇಟಿನ ವಾಚ್‌ಮನ್ ಹತ್ತಿರ ಇರುತ್ತಲ್ಲ, ಅಂಥದ್ದು. ಡಿಕಿಮ್ ಅಂದ್ರೆ ಪ್ರತಿ ಮೇಲ್ ಮೇಲೂ ಒತ್ತಿದ ಅರಗಿನ ಮುದ್ರೆ. ಖಾಸಗಿ ಕೀ ಮೇಲ್ ಕಂಪನಿ ಹತ್ತಿರ ಇರುತ್ತೆ, ಮುದ್ರೆ ಅಸಲಿ ಹೌದಾ ಅಂತ ನೋಡೋ ಸಾರ್ವಜನಿಕ ಕೀ ನಮ್ಮ ಡಿಎನ್‌ಎಸ್‌ನಲ್ಲಿರುತ್ತೆ. ಡಿಮಾರ್ಕ್ ಅಂದ್ರೆ "ಈ ಎರಡೂ ಪರೀಕ್ಷೆ ಫೇಲ್ ಆದ್ರೆ ಆ ಮೇಲನ್ನ ಏನು ಮಾಡಬೇಕು" ಅಂತ ನಾವು ಬರೆದಿಡೋ ಸೂಚನೆ.

2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಇದನ್ನ ಬಿಗಿ ಮಾಡಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ ಸುಮಾರು 5000ಕ್ಕಿಂತ ಹೆಚ್ಚು ಮೇಲ್ ಕಳಿಸೋರಿಗೆ ಮೂರೂ ಬೇಕು. ಚಿಕ್ಕವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಇರಲೇಬೇಕು.

ಭೋಸರಿಯ ಒಂದು ಪ್ರಸಂಗ

ನನಗೆ ಪರಿಚಯದ ಒಬ್ಬ ಕಾಕಾ ಅಥಣಿ ಕಡೆಯವರು. ಭೋಸರಿಯ ಎಂಐಡಿಸಿಯಲ್ಲಿ ಚಿಕ್ಕ ವರ್ಕ್‌ಶಾಪ್ ಇಟ್ಟುಕೊಂಡು ಬಿಡಿಭಾಗ ಮಾಡ್ತಾರೆ. ವೆಬ್‌ಸೈಟ್ ಇದ್ದ ಹೋಸ್ಟಿಂಗ್‌ನಲ್ಲೇ ಅವರ ಮೇಲೂ ಇತ್ತು. ಅದನ್ನ ಬಿಟ್ಟು ದುಡ್ಡು ಕೊಟ್ಟು ಒಳ್ಳೆ ಮೇಲ್ ಸೇವೆಗೆ ಹೋದರು. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಎಂಎಕ್ಸ್ ಬದಲಿಸಿದ, ಒಂದು ಟೆಸ್ಟ್ ಮೇಲ್ ಹಾಕಿದ, ಬಂತು, ಮುಗೀತು.

ಎರಡು ವಾರ ಆದಮೇಲೆ ಚಾಕಣದ ಗಿರಾಕಿ ಫೋನ್ ಮಾಡಿ ಕೇಳಿದ್ರು: "ಕೊಟೇಶನ್ ಯಾಕೆ ಕಳಿಸಲಿಲ್ಲ?" ಕಾಕಾ ಕಳಿಸಿದ್ದರು. ಅದು ಅವರ ಸ್ಪ್ಯಾಮ್‌ನಲ್ಲಿ ಕೂತಿತ್ತು. ಅಷ್ಟರಲ್ಲಿ ಆರ್ಡರ್ ಬೇರೆಯವರ ಪಾಲಾಗಿತ್ತು.

ನಾನು ನೋಡಿದಾಗ ಹಳೆಯ ಎಸ್‌ಪಿಎಫ್ ಸಾಲು ಹಾಗೇ ಇತ್ತು. "ಹಳೆ ಹೋಸ್ಟಿಂಗ್ ಸರ್ವರ್ ಬಿಟ್ಟು ಬೇರೆ ಯಾರು ಕಳಿಸಿದರೂ ನಂಬಬೇಡಿ" ಅನ್ನೋದು ಅದರ ಅರ್ಥ. ಅಂದ್ರೆ ಕಾಕಾ ಅವರ ಹೊಸ ಮೇಲುಗಳನ್ನ ನಂಬಬೇಡಿ ಅಂತ ಅವರ ಡೊಮೈನೇ ಊರಿಗೆಲ್ಲ ಸಾರುತ್ತಿತ್ತು. ಡಿಕಿಮ್ ಹಾಕಿರಲೇ ಇಲ್ಲ.

ಇನ್ನೊಂದು ತೊಂದರೆ ಕಣ್ಣಿಗೇ ಕಾಣುವಂಥದ್ದಲ್ಲ. ವೆಬ್‌ಸೈಟ್ ಹಳೆ ಹೋಸ್ಟಿಂಗ್‌ನಲ್ಲೇ ಇತ್ತು. ಅಲ್ಲಿನ ಕಾಂಟ್ಯಾಕ್ಟ್ ಫಾರ್ಮ್ ತುಂಬಿದವರ ವಿಚಾರಣೆ ಹೊಸ ಮೇಲ್‌ಬಾಕ್ಸ್‌ಗೆ ಬರ್ತಾನೇ ಇರಲಿಲ್ಲ. ಆ ಸರ್ವರ್ "ಈ ಡೊಮೈನ್‌ನ ಅಂಚೆ ನನ್ನದೇ" ಅಂದುಕೊಂಡು, ಎಂಎಕ್ಸ್ ಕೇಳದೇ ಮೇಲನ್ನ ತನ್ನಲ್ಲೇ ಇಟ್ಟುಕೊಳ್ತಿತ್ತು. ಸಿಪ್ಯಾನೆಲ್‌ನ ಇಮೇಲ್ ರೂಟಿಂಗ್‌ನಲ್ಲಿ ಲೋಕಲ್ ಅಂತ ಇದ್ದದ್ದನ್ನ ರಿಮೋಟ್ ಮಾಡಿದ ಮೇಲೆ ಸರಿಹೋಯ್ತು. ಹಳೆ ವೆಬ್‌ಮೇಲ್ ತೆರೆದು ನೋಡಿದ್ರೆ ಎಲ್ಲಾ ವಿಚಾರಣೆ ಅಲ್ಲೇ ಬಿದ್ದಿದ್ದವು.

ಕೆಲಸದ ಕ್ರಮ

ಮೊದಲು, ಕೀಲಿಕೈ ಯಾರ ಹತ್ತಿರ ಇದೆ ನೋಡಿ. ಡೊಮೈನ್ ಕೊಂಡ ಖಾತೆ ಮಾಲೀಕರ ಇಮೇಲ್, ಮಾಲೀಕರ ಮೊಬೈಲ್ ಮೇಲೆ ಇರಬೇಕು. ಆ ಇಮೇಲ್ ಅದೇ ಡೊಮೈನ್‌ದು ಆಗಿರಬಾರದು. ಡೊಮೈನ್ ನಿಂತರೆ ಪಾಸ್‌ವರ್ಡ್ ರಿಸೆಟ್ ಮೇಲೂ ಬರಲ್ಲ.

ಎರಡನೇದು, ನೇಮ್‌ಸರ್ವರ್ ಯಾವುದು ಅಂತ ತಿಳ್ಕೊಳ್ಳಿ. ಡೊಮೈನ್ ಒಂದು ಕಡೆ ಕೊಂಡು, ಡಿಎನ್‌ಎಸ್ ಇನ್ನೊಂದು ಕಡೆ ನಡೆಯೋದು ಸಾಮಾನ್ಯ. ನೇಮ್‌ಸರ್ವರ್ ಎಲ್ಲಿದೆಯೋ ಅಲ್ಲಿ ಬದಲಿಸಿದ್ರೆ ಮಾತ್ರ ಲೆಕ್ಕಕ್ಕೆ ಬರುತ್ತೆ. ಎನ್‌ಎಸ್‌ಲುಕಪ್ ಅಥವಾ ಡಿಗ್ ಕಮಾಂಡ್ ಸಾಕು. ಈಗಿರೋ ಎಲ್ಲಾ ದಾಖಲೆಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಎಂಎಕ್ಸ್‌ನ ಟಿಟಿಎಲ್ ಅನ್ನ ಹಿಂದಿನ ದಿನವೇ 300 ಸೆಕೆಂಡಿಗೆ ಇಳಿಸಿದ್ರೆ ಬದಲಾವಣೆ ಬೇಗ ಹರಡುತ್ತೆ.

ಮೂರನೇದು, ಹೊಸ ಸೇವೆಯಲ್ಲಿ ಡೊಮೈನ್ ವೆರಿಫೈ ಮಾಡಿ, ಎಲ್ಲರ ಮೇಲ್‌ಬಾಕ್ಸ್ ಸೃಷ್ಟಿಸಿ. ಆಮೇಲೆ ಎಂಎಕ್ಸ್. ಕ್ರಮ ತಿರುಗಿಸಿದ್ರೆ ಮೇಲ್ ಬಂದು ಬಾಗಿಲಲ್ಲೇ ವಾಪಸ್ ಹೋಗುತ್ತೆ.

ನಾಲ್ಕನೇದು ಎಂಎಕ್ಸ್. ಸಂಖ್ಯೆ ಚಿಕ್ಕದಾದಷ್ಟು ಆದ್ಯತೆ ಹೆಚ್ಚು. ಜೋಹೋದಲ್ಲಿ ಮೂರು ಸಾಲು ಬರುತ್ತೆ: 10, 20, 50. ಗೂಗಲ್ ವರ್ಕ್‌ಸ್ಪೇಸ್ ಹಿಂದೆ ಐದು ಸಾಲು ಕೊಡ್ತಿತ್ತು, ಈಗ ಹೊಸಬರಿಗೆ ಒಂದೇ. ಹಳೆ ಎಂಎಕ್ಸ್ ಸಾಲುಗಳನ್ನ ಅಳಿಸಿ. ಉಳಿಸಿದ್ರೆ ಕೆಲವು ಮೇಲ್ ಹಳೆ ಸರ್ವರ್‌ಗೆ ಹೋಗಬಹುದು. ಎಂಎಕ್ಸ್‌ನಲ್ಲಿ ಐಪಿ ಸಂಖ್ಯೆ ಹಾಕುವಂತಿಲ್ಲ, ಸರ್ವರ್ ಹೆಸರೇ ಬೇಕು.

ಐದನೇದು ಎಸ್‌ಪಿಎಫ್. ಒಂದು ಡೊಮೈನ್‌ಗೆ ಒಂದೇ ಎಸ್‌ಪಿಎಫ್ ಸಾಲು. ಎರಡಿದ್ರೆ ಎರಡೂ ಕೆಲಸಕ್ಕೆ ಬಾರವು. ಬಿಲ್ಲಿಂಗ್ ಸಾಫ್ಟ್‌ವೇರ್, ನ್ಯೂಸ್‌ಲೆಟರ್ ಸೇವೆ, ವೆಬ್‌ಸೈಟ್ ಫಾರ್ಮ್, ನಿಮ್ಮ ಹೆಸರಲ್ಲಿ ಮೇಲ್ ಕಳಿಸೋ ಎಲ್ಲವನ್ನೂ ಅದೇ ಸಾಲಿನೊಳಗೆ ಸೇರಿಸಿ. ಆದರೆ ಆ ಸಾಲು ಪರಿಶೀಲಿಸೋಕೆ 10ಕ್ಕಿಂತ ಹೆಚ್ಚು ಡಿಎನ್‌ಎಸ್ ಹುಡುಕಾಟ ಬೇಕಾದ್ರೆ ಫೇಲ್ ಆಗುತ್ತೆ. ಬಿಟ್ಟುಹೋದ ಸೇವೆಗಳನ್ನ ತೆಗೆದುಹಾಕಿ.

ಆರನೇದು ಡಿಕಿಮ್. ಅಡ್ಮಿನ್ ಪೇಜಿನಲ್ಲಿ ಕೀ ಹುಟ್ಟಿಸಿ, ಡಿಎನ್‌ಎಸ್‌ಗೆ ಹಾಕಿ, ಮತ್ತೆ ವಾಪಸ್ ಬಂದು ಶುರು ಮಾಡೋ ಬಟನ್ ಒತ್ತಿ. ಈ ಕೊನೇ ಬಟನ್ ಮರೆಯೋರೇ ಜಾಸ್ತಿ. ಇನ್ನೊಂದು, ಕೆಲವು ಪ್ಯಾನೆಲ್‌ಗಳು ಹೆಸರಿನ ಕೊನೆಗೆ ಡೊಮೈನನ್ನ ತಾವೇ ಸೇರಿಸ್ತವೆ. ನೀವೂ ಪೂರ್ತಿ ಹೆಸರು ಹಾಕಿದ್ರೆ ಡೊಮೈನ್ ಎರಡು ಸಲ ಬರುತ್ತೆ, ದಾಖಲೆ ಯಾರಿಗೂ ಸಿಗಲ್ಲ.

ಏಳನೇದು ಡಿಮಾರ್ಕ್. ಮೊದಲ ಕೆಲವು ವಾರ "ಏನೂ ಮಾಡಬೇಡಿ, ವರದಿ ಮಾತ್ರ ಕಳಿಸಿ" ಅನ್ನೋ ನೀತಿ ಇಡಿ. ನಿಮ್ಮ ಹೆಸರಲ್ಲಿ ಯಾರ್ಯಾರು ಕಳಿಸ್ತಿದ್ದಾರೆ ಅಂತ ವರದಿಯಲ್ಲಿ ಕಾಣುತ್ತೆ. ನಿಮ್ಮವೆಲ್ಲ ಪಾಸ್ ಆಗ್ತಿವೆ ಅಂತ ಖಾತ್ರಿ ಆದ್ಮೇಲೆ ಸ್ಪ್ಯಾಮ್‌ಗೆ ಹಾಕಿ ಅಂತ ಬಿಗಿ ಮಾಡಿ, ಕೊನೆಗೆ ತಿರಸ್ಕರಿಸಿ ಅಂತ. ಮೊದಲ ದಿನವೇ ತಿರಸ್ಕಾರಕ್ಕೆ ಹೋದ್ರೆ ನಿಮ್ಮದೇ ಬಿಲ್ಲುಗಳು ತಿರಸ್ಕಾರ ಆಗಬಹುದು. ಎಸ್‌ಪಿಎಫ್ ಅಥವಾ ಡಿಕಿಮ್ ಪಾಸ್ ಆದ್ರೆ ಸಾಲದು, ಪಾಸ್ ಆದ ಡೊಮೈನ್ ಮತ್ತು ಫ್ರಮ್ ಜಾಗದಲ್ಲಿ ಕಾಣೋ ಡೊಮೈನ್ ಹೊಂದಬೇಕು ಅನ್ನೋದೂ ಗಮನದಲ್ಲಿರಲಿ.

ಈ ಸಾಲುಗಳನ್ನ ಕೈಯಾರೆ ಟೈಪ್ ಮಾಡಬೇಡಿ. ನಿಮ್ಮ ಸೇವೆಯ ಅಡ್ಮಿನ್ ಪೇಜಿನಿಂದ ಕಾಪಿ ಮಾಡಿ. ಹಳೆ ಮೇಲುಗಳನ್ನೆಲ್ಲ ಹೊಸ ಕಡೆಗೆ ಸಾಗಿಸೋವರೆಗೆ ಹಳೆ ಹೋಸ್ಟಿಂಗ್ ನಿಲ್ಲಿಸಬೇಡಿ.

ಇಷ್ಟೆಲ್ಲ ಯಾಕೆ?

ಸ್ಪ್ಯಾಮ್ ಒಂದೇ ಕಾರಣ ಅಲ್ಲ. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣ ಇಲ್ಲಿಗೆ ಹಾಕಿ" ಅಂತ ಸಪ್ಲೈಯರ್ ಹೆಸರಲ್ಲಿ ಬರೋ ಮೋಸದ ಮೇಲ್ ಗೊತ್ತಲ್ಲ? ಬಿಗಿ ಡಿಮಾರ್ಕ್ ಇದ್ರೆ, ನಿಮ್ಮ ಡೊಮೈನನ್ನೇ ಹಾಕಿ ಅಂಥ ಮೇಲ್ ಕಳಿಸೋದು ಕಷ್ಟ. ಒಂದು ಅಕ್ಷರ ಬದಲಿಸಿದ ನಕಲಿ ಡೊಮೈನನ್ನ ಮಾತ್ರ ಅದು ತಡೆಯಲ್ಲ. ಹಾಗಾಗಿ ಖಾತೆ ಸಂಖ್ಯೆ ಬದಲಾದ್ರೆ ಹಳೆ ನಂಬರಿಗೆ ಫೋನ್ ಮಾಡಿ ಕೇಳೋ ಅಭ್ಯಾಸ ಗಿರಾಕಿಗಳಿಗೂ ಕಲಿಸಿ. ಹಣ ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಈಗ ಒಂದು ಕೆಲಸ ಮಾಡಿ. ನೀವು ನೋಡಿಕೊಳ್ಳೋ ಡೊಮೈನ್‌ನಿಂದ ನಿಮ್ಮ ಜಿಮೇಲ್‌ಗೆ ಒಂದು ಮೇಲ್ ಹಾಕಿ. ಕಂಪ್ಯೂಟರ್‌ನಲ್ಲಿ ಅದನ್ನ ತೆರೆದು, ಮೂರು ಚುಕ್ಕೆಯ ಮೆನುವಿನಲ್ಲಿ ಶೋ ಒರಿಜಿನಲ್ ಒತ್ತಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೂ ಪಾಸ್ ಅಂತ ಇರಬೇಕು. ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಒಂದು, ವೆಬ್‌ಸೈಟ್ ಫಾರ್ಮ್‌ನಿಂದ ಒಂದು ಕಳಿಸಿ ಅವನ್ನೂ ಹೀಗೇ ನೋಡಿ. ಯಾವುದಾದರೂ ಫೇಲ್ ಅಂತ ಬಂದ್ರೆ, ಯಾವುದು ಅಂತ ಕಾಮೆಂಟ್‌ನಲ್ಲಿ ಬರೀರಿ. ಡೊಮೈನ್ ಹೆಸರು ಬೇಡ, ಫೇಲ್ ಆದ ಸಾಲು ಸಾಕು. ಮುಂದಿನ ವಿಡಿಯೋದಲ್ಲಿ ಅವನ್ನೇ ಒಂದೊಂದಾಗಿ ಬಿಡಿಸೋಣ.